ಬಲಗಡೆಯ ಟಕ್ ಟಕ್

ನವೆಂಬರ್ 3, ಸೋಮವಾರ

ಅಮ್ಮನನ್ನು ಇವತ್ತು ಆಫೀಸಿಗೆ ಕರೆದುಕೊಂಡು ಹೋಗಿದ್ದೆ. ಹಳೇ ತೇಗದ ಮಣೆಯ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಕುಟ್ಟಬೇಕು, ನಾನು ರೆಕಾರ್ಡ್ ಮಾಡಿಕೊಳ್ಳಬೇಕು, ಅಷ್ಟೇ ಕೆಲಸ. ಮನೆಯಲ್ಲಿ ಹಲ್ಲಿ ಲೊಚಗುಟ್ಟಿದಾಗಲೆಲ್ಲ ಕೂತಲ್ಲೇ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುವವಳು, ಮೈಕ್ ಕಂಡ ಕೂಡಲೇ ಮದುಮಗಳ ಹಾಗೆ ನಾಚಿಕೊಂಡಳು.

"ಹಲ್ಲಿ ಲೊಚಗುಟ್ಟದೆ ಸುಮ್ ಸುಮ್ನೆ ಹೆಂಗೆ ಕುಟ್ಲೇ? ಕೈ ಬರಲ್ಲ ಕಣೇ ರಾಗಿಣಿ."

ಕೊನೆಗೆ ನಮ್ಮ ಪ್ರೋಗ್ರಾಮರ್ ಮಧ್ವೇಶ್ ಬಾಗಿಲ ಹಿಂದೆ ನಿಂತು ನಾಲಿಗೆಯಿಂದ ಲೊಚ ಲೊಚ ಅನ್ನಿಸಿದ. ಅವಳ ಕೈ ತಾನಾಗಿ ಮಣೆಯ ಮೇಲೆ ಹೋಯಿತು. ಎಂಥ ನಾದ ಬಂತು! ಕೆಳಗಿನ ಶೆಡ್ಡಿನ ಲೇತ್ ಮಷೀನು ಊಟಕ್ಕೆ ನಿಲ್ಲಲಿ ಎಂದು ಕಾದದ್ದೂ ಸಾರ್ಥಕವಾಯಿತು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಆಫೀಸು ಮಾಡಿದವರಿಗೆ ಈ ಕರ್ಮ ತಪ್ಪಿದ್ದಲ್ಲ.

ಹತ್ತು ವರ್ಷ ಬಿಟ್ಟು ಓದಿದರೆ ಮರೆತಿರುತ್ತೇನೆ, ಆದ್ದರಿಂದ ಬರೆದಿಡುತ್ತೇನೆ. ನಮ್ಮ 'ಗೋಡೆಹಲ್ಲಿ' ಸರಣಿ ಇಂಥ ಎಲ್ಲ ಆಟಗಳ ಹಾಗೇ: ಪರದೆಯ ಎಡದಿಂದ ಬಲಕ್ಕೆ ಓಡುತ್ತಾ ಹೋಗಬೇಕು, ಸಂದು ಬಂದರೆ ಜಿಗಿಯಬೇಕು, ಗೋಡೆ ಬಂದರೆ ಏರಬೇಕು. ನಾಯಕಿ ಲೊಚ್ಚಿ ಎಂಬ ಹಲ್ಲಿ. ಹಳೇ ಮನೆಯೊಂದರ ಅಡಿಗೆಮನೆ, ಬಚ್ಚಲು, ಅಟ್ಟ, ಮೀಟರ್ ಬೋರ್ಡು ಇವೇ ಅವಳ ಲೋಕ. ಬೆಕ್ಕು ಹಿಡಿಯಲು ಬಂದರೆ ಬಟನ್ ಒತ್ತಿ ಬಾಲ ಉದುರಿಸಬಹುದು. ಬೆಕ್ಕು ಕುಣಿಯುವ ಬಾಲದ ಹಿಂದೆ ಹೋಗುತ್ತದೆ, ಲೊಚ್ಚಿ ಪಾರಾಗುತ್ತಾಳೆ. ಆದರೆ ಬಾಲ ಮತ್ತೆ ಬೆಳೆಯುವವರೆಗೆ ಜಿಗಿತ ಗಿಡ್ಡ. ಇಷ್ಟು ನಮ್ಮ ಬಾಸ್ ಸಮರ್ಥನ ತಲೆ. ಬಾಲದ ಜೊತೆ ಸಂಗೀತವನ್ನೂ ಉದುರಿಸಿದ್ದು ನನ್ನ ತಲೆ. ಬಾಲ ಬಿತ್ತು ಎಂದರೆ ಢೋಲಕ್ಕು, ತಂಬೂರಿ, ಕೊಳಲು ಎಲ್ಲ ನಿಂತು ಬರೀ ಜಲತರಂಗ ಉಳಿಯುತ್ತದೆ. ಸೊಳ್ಳೆ ತಿಂದ ಹಾಗೆಲ್ಲ ಬಾಲ ಚೂರು ಚೂರೇ ಬೆಳೆಯುತ್ತದೆ, ವಾದ್ಯಗಳು ಒಂದೊಂದಾಗಿ ಬಂದು ಕೂಡಿಕೊಳ್ಳುತ್ತವೆ. ಮೊದಲೆರಡು ಭಾಗ ಆಡಿದವರು ಈಗಲೂ ಆ ಟ್ಯೂನ್ ಗುನುಗುತ್ತಾರೆ.

ಮೂರನೆಯ ಭಾಗದ ಹೊಸ ಮಜಾ ಎಂದರೆ ಕರೆಂಟ್ ಹೋಗುವ ಹಂತಗಳು. ಪರದೆ ಪೂರ್ತಿ ಕಪ್ಪು. ಲೊಚ್ಚಿ ಲೊಚಗುಟ್ಟಬೇಕು, ಕತ್ತಲಲ್ಲಿ ಎಲ್ಲೋ ಕೂತ ಅಜ್ಜಿ ನೆಲ ಕುಟ್ಟುತ್ತಾಳೆ. ಟಕ್ ಟಕ್ ಯಾವ ಕಡೆಯಿಂದ ಬಂತೋ ಆ ಕಡೆ ಬೆಕ್ಕಿಲ್ಲ, ಧೈರ್ಯವಾಗಿ ಹಾರಬಹುದು. ಕೆಲವು ಸಲ ಅವಳು ಕುಟ್ಟುವುದೇ ಇಲ್ಲ, ಆಗ ಎರಡೂ ಕಡೆ ಬೆಕ್ಕು, ಕಾಯಬೇಕು. ಎಡಗಿವಿಗೆ ಬಂತೋ ಬಲಗಿವಿಗೆ ಬಂತೋ, ಅದೊಂದೇ ದಾರಿ. ಕಣ್ಣಿಗೆ ಕೆಲಸವೇ ಇಲ್ಲ.

ಸಂಕ್ರಾಂತಿಗೆ ಮೊದಲು ಬಿಡುಗಡೆ. ಈ ಭಾಗ ಗೆದ್ದರೂ ಶಬ್ದದಿಂದ, ಸೋತರೂ ಶಬ್ದದಿಂದ, ಅಂದರೆ ನನ್ನಿಂದ. ಕಾಲೇಜಿನ ಗೆಳೆಯ ಸಮರ್ಥ ಈ ಕಂಪನಿ ಶುರು ಮಾಡಿದ ದಿನವೇ, "ಕಣ್ಣು ನಂದು, ಕಿವಿ ನಿಂದು ಕಣೇ" ಅಂದಿದ್ದ. ನನ್ನ ಹತ್ತಿರ ಇನ್ನೇನು ಆಸ್ತಿ ಇದೆ? ಈ ಎರಡು ಕಿವಿ ಬಿಟ್ಟರೆ ನನಗೆ ಬೇರೆ ಯಾವ ಕೆಲಸವೂ ಬಾರದು.

ನವೆಂಬರ್ 16, ಭಾನುವಾರ

ನೆಗಡಿ. ಹಾಳಾದ ನೆಗಡಿ. ಮೂಗಲ್ಲ, ಮೋರಿ. ಕಷಾಯ ಕುಡಿದೂ ಕುಡಿದೂ ಗಂಟಲು ಸುಟ್ಟುಹೋಗಿದೆ.

ನವೆಂಬರ್ 19, ಬುಧವಾರ

ಮೂಗು ಬಿಟ್ಟಿತು, ಕಿವಿ ಕಟ್ಟಿತು. ಬಲಗಿವಿಯೊಳಗೆ ಯಾರೋ ಹತ್ತಿ ತುರುಕಿದ ಹಾಗಿದೆ. ಬೆಳಗ್ಗೆ ಏಳುವಾಗ ಮಂಚ ಒಂದು ಸುತ್ತು ಹೊಡೆದ ಹಾಗಾಯಿತು. ನಿಶ್ಶಕ್ತಿ ಇರಬೇಕು. ಅಮ್ಮ ಬೆಳ್ಳುಳ್ಳಿ ಜಜ್ಜಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು. "ಚಿಕ್ಕೋಳಿದ್ದಾಗ್ಲೂ ನಿಂಗೆ ಹಿಂಗೇ ಆಗ್ತಿತ್ತು, ತಾನೇ ಬಿಡತ್ತೆ ಸುಮ್ನಿರು" ಅಂದಳು. ಈಗ ಉಪ್ಪಿನಕಾಯಿ ಜಾಡಿಯ ಹಾಗೆ ನಾರುತ್ತಿದ್ದೇನೆ.

ಪಕ್ಕದ ಮನೆ ಪುರುಷೋತ್ತಮ ಅವರ ನೀರಿನ ಮೋಟರ್ ಹೊಸ ಶ್ರುತಿ ಹಿಡಿದಿದೆ. ಕುಂಯ್ ಅಂತ ಒಂದೇ ಸಮನೆ, ಮೇಲಿನ ಷಡ್ಜಕ್ಕಿಂತ ಒಂದು ಕೂದಲಷ್ಟು ಕೆಳಗೆ. ಕಾಂಪೌಂಡಿನ ಹತ್ತಿರ ಹೋಗಿ ಹೇಳಿಯೇ ಬಿಟ್ಟೆ.

"ಮೋಟರ್ ಆಫ್ ಮಾಡಿ ಎಷ್ಟೊತ್ತಾಯ್ತಲ್ಲಮ್ಮ! ಬೇಕಾದ್ರೆ ಬಂದು ಸ್ವಿಚ್ ನೋಡು" ಅಂದರು.

ಇಷ್ಟು ವಯಸ್ಸಾದವರು ಇಂಥ ಸುಳ್ಳು ಹೇಳುತ್ತಾರೆ. ಕಣ್ಣೆದುರು ಕೇಳಿಸುತ್ತಿರುವುದನ್ನು ಇಲ್ಲ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ.

ನವೆಂಬರ್ 24, ಸೋಮವಾರ

ನೆಗಡಿ ಪೂರ್ತಿ ಹೋಯಿತು. ಕಿವಿಯೂ ಹೆಚ್ಚುಕಡಿಮೆ ಬಿಟ್ಟಿದೆ, ಹತ್ತಿ ತುರುಕಿದ ಹಾಗೇನೂ ಈಗ ಅನ್ನಿಸುವುದಿಲ್ಲ. ಆಫೀಸಿಗೆ ಹೋದೆ.

ಕರೆಂಟ್ ಹೋದ ಹಂತ ಆಡಲು ಕೂತರೆ ಅಜ್ಜಿ ಎಡಗಡೆ ಮಾತ್ರ ಕುಟ್ಟುತ್ತಿದ್ದಾಳೆ! ಬಲಗಡೆಯ ಟಕ್ ಟಕ್ ಮಾಯ. ನಾನು ರಜಾ ಹಾಕಿದ ವಾರದಲ್ಲಿ ಯಾರೋ ಏನೋ ಕೈಯಾಡಿಸಿದ್ದಾರೆ. ಲೊಚ್ಚಿ ಬೆಕ್ಕಿನ ಬಾಯಿಗೆ ಬಿದ್ದು ಬಿದ್ದು ಸತ್ತಳು. ಬಲಗಡೆಯ ದನಿಯನ್ನು ಏರಿಸಿ ಹೊಸ ಫೈಲು ಕೊಟ್ಟೆ. ಹೆಡ್‌ಫೋನಿನ ಬಲಗಡೆಯೂ ಸತ್ತಿರಬಹುದು, ಹಳೆಯದು.

ನವೆಂಬರ್ 26, ಬುಧವಾರ

ಡಾ. ರಾಜ್‌ಕುಮಾರ್ ರಸ್ತೆಗೆ ಹೋಗಿ ಹೊಸ ಹೆಡ್‌ಫೋನ್ ತಂದೆ. ಅದರಲ್ಲೂ ಅದೇ ಹಾಡು. ಅಂದರೆ ಹೆಡ್‌ಫೋನಿನದಲ್ಲ, ಆಟದೊಳಗಿನದೇ ತಪ್ಪು. ನಾನು ಏರಿಸಿ ಕೊಟ್ಟ ಫೈಲನ್ನು ಆಟಕ್ಕೆ ಸೇರಿಸುವವನು ಮಧ್ವೇಶ್. ಅವನನ್ನು ಕರೆದು ಬಾಯಿಗೆ ಬಂದ ಹಾಗೆ ಬೈದೆ.

"ನಾನೇನೂ ತೆಗ್ದಿಲ್ಲ ಮೇಡಂ. ಬಲಗಡೆ ಇದೆ. ನಂಗೆ ಕೇಳಿಸ್ತಾ ಇದೆ."

"ನಿಂಗೆ ಕೇಳಿಸ್ತಿದ್ರೆ ನಂಗ್ಯಾಕೆ ಕೇಳಿಸಲ್ಲಪ್ಪ? ನಾನೇನು ಕಿವುಡೀನಾ?"

ಅವನು ನೆಲ ನೋಡುತ್ತಾ ನಿಂತ. ಈ ಹುಡುಗನ ರೋಗವೇ ಇದು, ತಪ್ಪು ತೋರಿಸಿದರೆ ನೆಲ ನೋಡುವುದು. ಎಲ್ಲರೂ ಕೀಬೋರ್ಡ್ ಕುಟ್ಟುವುದು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಬಲಗಡೆಯನ್ನು ಇನ್ನಷ್ಟು ಏರಿಸಿ ಕೊಟ್ಟಿದ್ದೇನೆ.

ನವೆಂಬರ್ 28, ಶುಕ್ರವಾರ

ಸಮರ್ಥ ಇವತ್ತು ಯಾಕೋ ಬೆಣ್ಣೆಯ ಹಾಗೆ ಮೃದುವಾಗಿದ್ದ. ಮೀಟಿಂಗಿನಲ್ಲಿ ಯಾವಾಗಲೂ ತಲೆಬಾಗಿಲ ಹತ್ತಿರದ ಕುರ್ಚಿ ಅವನದು. ಇವತ್ತು ಮೇಜು ಸುತ್ತಿ ಬಂದು ನನ್ನ ಎಡಗಡೆ ಕೂತ. "ನೀನು ಟೆನ್ಷನ್ ತಗೋಬೇಡ, ಆ ಬಲಗಡೆ ಪ್ರಾಬ್ಲಮ್ ಮಧ್ವೇಶ್ ನೋಡ್ಕೋತಾನೆ. ನೀನು ಉಳಿದಿರೋ ಟ್ಯೂನ್ ಮುಗಿಸಿಬಿಡು ಸಾಕು" ಅಂದ. ಕಾಫಿಯನ್ನೂ ಅವನೇ ತಂದುಕೊಟ್ಟ. ಇಷ್ಟು ವರ್ಷದ ಸ್ನೇಹ ಅಂದರೆ ಸುಮ್ಮನೆಯೇ? ಬೇರೆ ಬಾಸ್ ಆಗಿದ್ದರೆ ಇಷ್ಟರಲ್ಲಿ ಹಾರಾಡಿಬಿಡುತ್ತಿದ್ದ.

ಬೀಳುವ ಬಾಲದ ಟ್ಯೂನಿಗೆ ಹೊಸ ರೂಪ ಕೊಟ್ಟೆ. ಜಲತರಂಗದ ಕೊನೆಯ ಬಟ್ಟಲಿಗೆ ಒಂದು ತೊಟ್ಟು ನೀರು ಜಾಸ್ತಿ ಹಾಕಿ ಸ್ವರ ಅಳುವ ಹಾಗೆ ಮಾಡಿದೆ. ಇಡೀ ವಾರದಲ್ಲಿ ಇದೊಂದು ಸಂತೋಷ.

ಡಿಸೆಂಬರ್ 6, ಶನಿವಾರ

ಆಟ ಪರೀಕ್ಷೆ ಮಾಡಲು ನಾಗರಬಾವಿಯಿಂದ ಕಾಲೇಜು ಹುಡುಗ ಹುಡುಗಿಯರು ಬಂದಿದ್ದರು. ಗಲಾಟೆಯೋ ಗಲಾಟೆ, "ಮಗಾ ಹಾರೋ, ಗುರು ಬಾಲ ಬಿಡೋ" ಅಂತ. ಆಶ್ಚರ್ಯ ಏನೆಂದರೆ, ಕತ್ತಲ ಹಂತವನ್ನು ಎಲ್ಲರೂ ದಾಟಿದರು. ಎಲ್ಲರೂ! ಮಾಲವಿಕಾ ಅನ್ನುವ ಲಾ ಓದುವ ಹುಡುಗಿ ಕಣ್ಣು ಮುಚ್ಚಿಕೊಂಡೇ ಆಡಿ ತೋರಿಸಿದಳು.

"ಬಲಗಡೆ ಟಕ್ ಟಕ್ ನಿಂಗೆ ಸರಿಯಾಗಿ ಕೇಳಿಸ್ತಾ?" ಅಂತ ಕೇಳಿದೆ.

"ಸಖತ್ತಾಗಿ ಕೇಳಿಸ್ತು ಆಂಟಿ. ಪಕ್ಕದಲ್ಲೇ ಕೂತು ಕುಟ್ಟಿದಂಗೆ!"

ಆಂಟಿ ಅಂದದ್ದನ್ನು ಕ್ಷಮಿಸಿದ್ದೇನೆ. ಆದರೆ ಮುಖಸ್ತುತಿ ನನಗೆ ಆಗಿಬರುವುದಿಲ್ಲ. ಸಮೋಸ ತಿಂದ ಋಣಕ್ಕೆ ಹೊಗಳುತ್ತಾರೆ, ಅಭ್ಯಾಸಬಲದಿಂದ ದಾಟುತ್ತಾರೆ. ನಾನು ಆಡಿದರೆ ಈಗಲೂ ಬಲಗಡೆ ಬರೀ ಕತ್ತಲು. ಮತ್ತೆ ಏರಿಸಿ ಕೊಟ್ಟೆ. ಎಷ್ಟು ಏರಿಸಿದರೂ ಇದ್ದ ಹಾಗೇ ಇರುತ್ತದೆ, ಇದೇನು ಮಾಟವೋ ಗೊತ್ತಾಗುತ್ತಿಲ್ಲ.

ಡಿಸೆಂಬರ್ 11, ಗುರುವಾರ

ನವರಂಗ್ ಥಿಯೇಟರ್ ಹತ್ತಿರ ರಸ್ತೆ ದಾಟುವಾಗ ಆಟೋ ಒಂದು ಮೈಮೇಲೇ ಬಂತು. ದುಪಟ್ಟಾ ಅದರ ಕನ್ನಡಿಗೆ ಸಿಕ್ಕಿ ಹರಿಯಿತು. ಹಾರ್ನ್ ಹಾಕೋಕೇನು ರೋಗ ಅಂತ ಕಿರುಚಿದೆ. ಅವನು ಇಳಿದು ಬಂದು, "ಅಕ್ಕಾ, ಆ ಕಡೆಯಿಂದ ಹಾರ್ನ್ ಹೊಡ್ಕೊಂಡೇ ಬರ್ತಾ ಇದೀನಿ, ನೀವು ತಿರುಗಿ ಕೂಡ ನೋಡ್ಲಿಲ್ಲ" ಅಂದ. ಹೂ ಮಾರುವ ದಾನಮ್ಮನೂ ಅವನ ಕಡೆಯೇ ಮಾತಾಡಿದಳು. ದಿನಾ ಅವಳ ಹತ್ತಿರವೇ ಹೂ ತೆಗೆದುಕೊಳ್ಳುತ್ತೇನೆ, ಅಷ್ಟು ನಿಯತ್ತಾದರೂ ಬೇಡವೇ!

ಪುರುಷೋತ್ತಮ ಹೊಸ ಮೋಟರ್ ಹಾಕಿಸಿದರಂತೆ. ಅದೂ ಅದೇ ಕುಂಯ್. ಒಂದೇ ಕಂಪನಿಯದು ಇರಬೇಕು.

ಅಮ್ಮ ಟೀವಿ ನೋಡುವ ತನ್ನ ಕುರ್ಚಿಯನ್ನು ಕಿಟಕಿಯ ಹತ್ತಿರದಿಂದ ಎತ್ತಿ ಸೋಫಾದ ಈ ಬದಿಗೆ ಹಾಕಿಸಿಕೊಂಡಿದ್ದಾಳೆ. ಅಲ್ಲಿ ಗಾಳಿ ಬರುವುದಿಲ್ಲ ಅಂದರೂ ಕೇಳಲಿಲ್ಲ.

ಡಿಸೆಂಬರ್ 17, ಬುಧವಾರ

ಬಲಗಡೆ ಇಲ್ಲ. ಇಲ್ಲ ಅಂದರೆ ಇಲ್ಲ. ಮಧ್ವೇಶನ ಜಾಗಕ್ಕೆ ಬೇರೆಯವರನ್ನು ಹಾಕು ಅಂತ ಸಮರ್ಥನಿಗೆ ಹೇಳಿದೆ. ನೋಡೋಣ ಅಂದ.

ಡಿಸೆಂಬರ್ 22, ಸೋಮವಾರ

ಆದದ್ದು ಆದ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಊಟದ ಹೊತ್ತಿಗೆ ಮತ್ತೆ ಆ ಹಂತ ಆಡಿದೆ. ಅದೇ ಕಥೆ. ತಲೆ ಕೆಟ್ಟುಹೋಯಿತು. ಮಧ್ವೇಶನ ಮೇಜಿನ ಹತ್ತಿರ ಹೋಗಿ ಎಲ್ಲರ ಎದುರಿಗೆ ಕೂಗಾಡಿದೆ. ನಿನಗೆ ಕೆಲಸ ಬಾರದಿದ್ದರೆ ಬಿಟ್ಟು ಹೋಗು, ನನ್ನ ಮ್ಯೂಸಿಕ್ ಕೊಲ್ಲಬೇಡ ಅಂದೆ. ಅವನು ಈ ಸಲ ನೆಲ ನೋಡಲಿಲ್ಲ. ಎದ್ದು ನನ್ನ ಜೊತೆ ನನ್ನ ಕುರ್ಚಿಯ ತನಕ ಬಂದ.

"ಮೇಡಂ, ಕೂತ್ಕೊಳಿ. ಒಂದೇ ಒಂದ್ಸಲ ಆಡಿ."

ಕೂತೆ. ಹೆಡ್‌ಫೋನ್ ಹಾಕಿಕೊಂಡೆ. ಲೊಚ್ಚಿ ಲೊಚಗುಟ್ಟಿದಳು. ಬಲಗಡೆ ಏನೂ ಇಲ್ಲ. ಇಲ್ಲ ತಾನೇ, ನೋಡಿದೆಯಾ ಎಂಬಂತೆ ಅವನತ್ತ ನೋಡಿದೆ. ಅವನು ನನ್ನ ತಲೆಯಿಂದ ಹೆಡ್‌ಫೋನ್ ತೆಗೆದು, ಅದನ್ನು ಹಿಂದುಮುಂದಾಗಿ ತಿರುಗಿಸಿ, ಬಲಗಡೆಯದು ಎಡಗಿವಿಗೆ ಬರುವ ಹಾಗೆ ಮತ್ತೆ ತಲೆಗೆ ಹಾಕಿದ. ತಾನೇ ಬಟನ್ ಒತ್ತಿದ.

ಟಕ್ ಟಕ್.

ಅಮ್ಮನ ಬೆರಳು. ಮಣೆ. ಗೆಣ್ಣಿನ ಸದ್ದು, ಅದರ ಹಿಂದೆ ಅವಳ ಬಳೆಯ ಒಂದು ಸಣ್ಣ ಕಿಣಿ ಕೂಡ. ಎಡಗಿವಿಯಲ್ಲಿ ಸ್ಪಷ್ಟವಾಗಿ, ಪಕ್ಕದಲ್ಲೇ ಕೂತು ಕುಟ್ಟಿದ ಹಾಗೆ. ಫೈಲಿನಲ್ಲಿ ಇತ್ತು. ಹೆಡ್‌ಫೋನಿನಲ್ಲಿ ಇತ್ತು. ಒಂದು ದಿನವೂ ಎಲ್ಲೂ ಹೋಗಿರಲಿಲ್ಲ.

ಮತ್ತೆ ಒತ್ತಿದ. ಈ ಸಲ ಎಡಗಡೆಯ ಅಜ್ಜಿ ನನ್ನ ಬಲಗಿವಿಯಲ್ಲಿ ಕುಟ್ಟಬೇಕು. ಕುಟ್ಟಿರಬೇಕು. ಪರದೆಯ ಅಂಚಿನಲ್ಲಿ ಅವನು ತೆರೆದಿಟ್ಟಿದ್ದ ದನಿ ಅಳೆಯುವ ಗೆರೆ ಕುಣಿಯಿತು. ನನಗೆ ಏನೂ ಕೇಳಲಿಲ್ಲ.

ಹೊಸ ಹುಡುಗರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಇದು: ಒಂದು ಕಡೆ ಕೇಳದಿದ್ದರೆ ಮೊದಲು ಹೆಡ್‌ಫೋನ್ ತಿರುಗಿಸಿ ಹಾಕಿ ನೋಡಿ. ಒಂದು ತಿಂಗಳು ನನಗೆ ಅದು ಹೊಳೆಯಲೇ ಇಲ್ಲ. ಹೆಡ್‌ಫೋನ್ ಮೇಲೆ ಅನುಮಾನ ಪಟ್ಟೆ, ಆಟದ ಮೇಲೆ ಪಟ್ಟೆ, ಈ ಹುಡುಗನ ಮೇಲೆ ಪಟ್ಟೆ, ಪಕ್ಕದ ಮನೆ ಮೋಟರಿನ ಮೇಲೂ ಪಟ್ಟೆ. ನನ್ನ ಕಿವಿಯ ಮೇಲೆ ಮಾತ್ರ ಪಡಲಿಲ್ಲ.

"ನೀವು ಏರಿಸಿ ಕೊಟ್ಟಿದ್ದನ್ನೆಲ್ಲ ನಾನು ಇಳಿಸ್ತಾ ಬಂದಿದೀನಿ ಮೇಡಂ" ಅಂದ ಮಧ್ವೇಶ್. "ಇಲ್ದಿದ್ರೆ ಆಡೋರ ಕಿವಿ ಹರಿದೋಗ್ತಿತ್ತು. ಪ್ರತಿ ಸಲ ನೀವೆಷ್ಟು ಏರಿಸಿದ್ರೋ ಅಷ್ಟು ಇಳಿಸಿ ಹಾಕ್ತಿದ್ದೆ."

"ಯಾಕೋ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ ಮೇಡಂ ನಿಮಗೆ?"

ಅಷ್ಟೇ ಅಂದ. ಅಷ್ಟು ಗೌರವ! ಆ ಗೌರವಕ್ಕೆ ಬೆಂಕಿ ಬೀಳಲಿ. ಬ್ಯಾಗು ತೆಗೆದುಕೊಂಡು ಮನೆಗೆ ಬಂದೆ.

ಡಿಸೆಂಬರ್ 23, ಮಂಗಳವಾರ

ವಿಜಯನಗರದಲ್ಲಿ ಡಾಕ್ಟರ್ ಜ್ಯೋತಿಲಕ್ಷ್ಮಿ ಅಂತ ಕಿವಿಯವರು. ನನ್ನನ್ನು ಸದ್ದು ಬಾರದ ಒಂದು ಪುಟ್ಟ ಗೂಡಿನಲ್ಲಿ ಕೂರಿಸಿ, ಬೀಪ್ ಕೇಳಿದಾಗಲೆಲ್ಲ ಬಟನ್ ಒತ್ತಿ ಅಂದರು. ಎಡಗಿವಿಗೆ ಒತ್ತಿ ಒತ್ತಿ ಬೆರಳು ನೊಂದಿತು. ಆಮೇಲೆ ಬಲಗಿವಿ. ಶುರುವಾಗಲಿ ಎಂದು ಬೆರಳು ಬಟನ್ ಮೇಲಿಟ್ಟು ಕಾದೆ. ಕಾದೆ. ಗಾಜಿನಾಚೆ ಕೂತ ಹುಡುಗಿಗೆ ಕೈ ಮಾಡಿ, ಯಾವಾಗ ಶುರು ಮಾಡ್ತೀರಿ ಅಂತ ಕೇಳಿದೆ.

ಅವಳು ಬಾಗಿಲು ತೆಗೆದು ಮೆಲ್ಲಗೆ ಹೇಳಿದಳು, "ಆಗ್ಲೇ ಮುಗೀತು ಮೇಡಂ."

ಆ ಗೂಡಿನಿಂದ ಹೇಗೆ ಎದ್ದು ಬಂದೆನೋ ತಿಳಿಯದು.

ಡಾಕ್ಟರ್ ಹೇಳಿದ್ದು: ಒಳಗಿವಿಯ ನರಕ್ಕೆ ಪೆಟ್ಟು ಬಿದ್ದಿದೆ, ನೆಗಡಿಯ ವೈರಸ್ ಇರಬಹುದು, ಖಚಿತವಾಗಿ ಹೇಳಲಾಗದು. ಕುಂಯ್ ಅನ್ನುವ ಸದ್ದು ಮೋಟರಿನದಲ್ಲ, ನನ್ನ ಕಿವಿಯದೇ. ತಲೆಯ ಸ್ಕ್ಯಾನ್ ಮಾಡಿಸಬೇಕು. ಮಾತ್ರೆ, ಕಿವಿಯೊಳಗೆ ಇಂಜೆಕ್ಷನ್ ಕೊಟ್ಟು ನೋಡೋಣ, ಆದರೆ ಆಸೆ ಇಟ್ಟುಕೊಳ್ಳಬೇಡಿ.

"ಶುರುವಾದ ಎರಡು ವಾರದೊಳಗೆ ಬಂದಿದ್ರೆ ಉಳಿಸ್ಕೊಳ್ಳೋ ಚಾನ್ಸ್ ಚೆನ್ನಾಗಿತ್ತು. ಯಾಕಮ್ಮ ಇಷ್ಟು ದಿನ ಬಿಟ್ರಿ? ನಿಮ್ಮ ಜೊತೆ ಕೆಲಸ ಮಾಡೋರಿಗೂ ಗೊತ್ತಾಗ್ಲಿಲ್ವಾ?"

ಬೆಳ್ಳುಳ್ಳಿ ಎಣ್ಣೆಯ ಮಾತು ಹೇಳಲು ನಾಚಿಕೆಯಾಯಿತು. ಅಮ್ಮ ಪಕ್ಕದಲ್ಲೇ ಕೂತಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಡಿಸೆಂಬರ್ 25, ಗುರುವಾರ

ಸಂಜೆ ಅಮ್ಮನನ್ನು ಕೇಳಿದೆ, ಆ ಕುರ್ಚಿಯನ್ನು ಯಾಕೆ ಈ ಕಡೆ ಹಾಕಿಸಿಕೊಂಡೆ?

"ಮತ್ತೆ ಆ ಕಡೆ ಕೂತು ಮಾತಾಡಿದ್ರೆ ನೀನು ಉತ್ತರಾನೇ ಕೊಡಲ್ವಲ್ಲೇ. ಈ ಕಡೆ ಕೂತ್ರೆ ಕೊಡ್ತೀಯ."

"ಅದ್ಯಾಕೆ ಅಂತ ಒಂದಿನಾನೂ ಅನ್ನಿಸ್ಲಿಲ್ವಾ ನಿಂಗೆ?"

"ಕೆಲ್ಸದ ಯೋಚ್ನೆ ಅನ್ಕೊಂಡೆ ಕಣೇ. ಆ ಕಡೆ ತಿರುಗಿದ್ರೆ ಯೋಚ್ನೆ, ಈ ಕಡೆ ತಿರುಗಿದ್ರೆ ಮಗಳು ಅನ್ಕೊಂಡೆ."

ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. ನಾನೂ ಅತ್ತೆ. ಎಲ್ಲರೂ ನನ್ನ ಸುತ್ತ ಜಾಗ ಬದಲಾಯಿಸಿಕೊಂಡಿದ್ದಾರೆ, ನಾನೊಬ್ಬಳೇ ಇದ್ದಲ್ಲೇ ಕೂತು ಎಲ್ಲರನ್ನೂ ಬೈದುಕೊಂಡಿದ್ದೆ.

ಡಿಸೆಂಬರ್ 29, ಸೋಮವಾರ

ಸ್ಕ್ಯಾನ್ ಸರಿಯಾಗಿದೆ. ಗಡ್ಡೆ ಗಿಡ್ಡೆ ಏನೂ ಇಲ್ಲ. ಅಮ್ಮ ತುಪ್ಪದ ದೀಪ ಹಚ್ಚಿದಳು. ಕಿವಿ ಹಾಗೇ ಇದೆ.

ಜನವರಿ 2, ಶುಕ್ರವಾರ

ಇಂಜೆಕ್ಷನ್ ಅಂದರೆ ಕಿವಿಯ ತಮಟೆಯನ್ನೇ ಚುಚ್ಚಿ ಔಷಧಿ ಬಿಡುವುದು. ಗಂಟಲಿಗೆ ಕಹಿ ಇಳಿಯುತ್ತದೆ, ಇಡೀ ರೂಮು ತಿರುಗುತ್ತದೆ. ಡಾಕ್ಟರ್ ಮತ್ತೆ ಬೀಪ್ ಪರೀಕ್ಷೆ ಮಾಡಿದರು, ಬದಲಾವಣೆ ಏನೂ ಇಲ್ಲ.

ಸಮರ್ಥ ಮನೆಗೆ ಬಂದಿದ್ದ. ಹೂವಿನ ಗುಚ್ಛ, ಹಣ್ಣು. ನನ್ನ ಕೈ ಹಿಡಿದುಕೊಂಡು, "ನಂಗೆ ಶಾಕ್ ಆಯ್ತು ಕಣೇ, ನಂಬಕ್ಕೇ ಆಗ್ತಿಲ್ಲ" ಅಂದ. ಅವನ ಕಣ್ಣಲ್ಲೂ ನೀರಿತ್ತು. ಟ್ಯೂನೆಲ್ಲ ನೀನು ಮುಗಿಸಿಕೊಟ್ಟಿದ್ದೀಯ, ಹೇಳಿದ ದಿನಕ್ಕೇ ಬಿಡುಗಡೆ, ನೀನು ಆರಾಮವಾಗಿ ರೆಸ್ಟ್ ತಗೋ ಅಂದ. ಅಮ್ಮ ಅವನಿಗೆ ಉಪ್ಪಿಟ್ಟು ಮಾಡಿಕೊಟ್ಟಳು. ಬಾಲ ಬಿದ್ದರೂ ಬೆಳೆಯುತ್ತೆ ಕಣೇ, ನಮ್ಮ ಲೊಚ್ಚಿ ಹಾಗೆ ಅಂತ ಹೋಗುವಾಗ ಒಂದು ಮಾತು ಸೇರಿಸಿದ. ಒಳ್ಳೇ ಮನಸ್ಸಿನಿಂದಲೇ ಅಂದ, ಆದರೆ ನನಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಕಿವಿ ಹಲ್ಲಿಯ ಬಾಲವಲ್ಲ.

ಮಧ್ವೇಶನ ಫೋನು ಬಂದರೆ ನಾನು ತೆಗೆಯುತ್ತಿಲ್ಲ. ಅವನು ಅಂದೇ ಬಾಯಿ ಬಿಟ್ಟಿದ್ದರೆ!

ಜನವರಿ 9, ಶುಕ್ರವಾರ

'ಗೋಡೆಹಲ್ಲಿ 3' ಬಿಡುಗಡೆಯಾಯಿತು. ಮಧ್ಯಾಹ್ನದಿಂದ ಫೋನ್ ನಿಂತಿಲ್ಲ. ಕರೆಂಟ್ ಹೋದ ಹಂತದ ಶಬ್ದ ಕೇಳಿದರೆ ಮೈ ಜುಂ ಅನ್ನುತ್ತದೆ ಅಂತ ಎಲ್ಲರೂ ಬರೆಯುತ್ತಿದ್ದಾರೆ. ಅಜ್ಜಿಯ ಬೆರಳಿನ ಸದ್ದಿಗೆ ಅತ್ತೆವು ಅಂದವರೂ ಇದ್ದಾರೆ. ಅಮ್ಮನಿಗೆ ಓದಿ ಹೇಳಿದೆ, ಅವಳು ತನ್ನ ಬೆರಳನ್ನೇ ನೋಡಿಕೊಂಡಳು.

ಶಬ್ದ, ಸಂಗೀತ: ರಾಗಿಣಿ ಅಂತ ಪರದೆಯ ಮೇಲೆ ನನ್ನ ಹೆಸರು ಬರುತ್ತದೆ. ಟ್ಯೂನ್ ನನ್ನದು, ನಿಜ. ಎಡಬಲ ತೂಗಿಸಿದ್ದು ನಾನಲ್ಲ, ಮಧ್ವೇಶ್. ನಾನು ಕೊಟ್ಟ ಹಾಗೇ ಹೋಗಿದ್ದರೆ ಈ ಹೊತ್ತಿಗೆ ಜನ ಚಪ್ಪಲಿ ತೂರುತ್ತಿದ್ದರು.

ನಾನೂ ಆಡಿ ನೋಡಿದೆ. ಮೊದಲ ಕತ್ತಲಲ್ಲೇ ಬೆಕ್ಕಿನ ಬಾಯಿಗೆ ಬಿದ್ದೆ. ನಾನೇ ಕಟ್ಟಿದ ಮನೆಯೊಳಗೆ ನನಗೇ ದಾರಿ ಇಲ್ಲ.

ಜನವರಿ 12, ಸೋಮವಾರ

ರಜಾ ಮುಗಿಸಿ ಆಫೀಸಿಗೆ ಹೋಗಿದ್ದೆ. ಸಂಜೆ ಡಾಕ್ಟರ್ ಹತ್ತಿರ ಹೋಗಬೇಕಿತ್ತು. ಆಟೋದಲ್ಲಿ ಕೂತರೆ ಈಗ ತಲೆ ತಿರುಗುತ್ತದೆ, ಅದಕ್ಕೆ ಮೆಟ್ರೋ. ರಾಜಾಜಿನಗರದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಮಧ್ವೇಶ್ ಬಂದ. ನಾಗರಬಾವಿಗೆ ಹೋಗುವವನು, ಅವನದೂ ಅದೇ ದಾರಿ. ಮುಖ ತಿರುಗಿಸಿಕೊಂಡೆ. ಅವನು ಬಂದು ನನ್ನ ಬಲಗಡೆ ನಿಂತ.

ಎದುರಿನ ಹಳಿಯಲ್ಲಿ ರೈಲು ಬರುತ್ತಿತ್ತು, ಜನ, ಅನೌನ್ಸ್‌ಮೆಂಟು, ಎಲ್ಲ ಸದ್ದೂ ಒಟ್ಟಿಗೆ. ಕಣ್ಣಂಚಿನಲ್ಲಿ ನೋಡಿದರೆ ಅವನ ತುಟಿ ಆಡುತ್ತಿದೆ. ಒಂದೇ ಸಮನೆ ಏನೋ ಹೇಳುತ್ತಿದ್ದಾನೆ, ನನ್ನತ್ತ ನೋಡದೆ, ಹಳಿಯನ್ನು ನೋಡುತ್ತಾ. ಒಂದಕ್ಷರವೂ ನನಗೆ ಬರುತ್ತಿಲ್ಲ. ಆಗ ಹೊಳೆಯಿತು. ನನ್ನ ಯಾವ ಕಿವಿ ಸತ್ತಿದೆ ಎಂದು ಪ್ರಪಂಚದಲ್ಲಿ ಎಲ್ಲರಿಗಿಂತ ಮೊದಲು ತಿಳಿದವನು ಇವನು. ಕೇಳಿಸಬಾರದು ಎಂದೇ ಅಲ್ಲಿ ನಿಂತಿದ್ದಾನೆ. ಹೇಳಿದ ಹಾಗೂ ಆಗಬೇಕು, ನಾನು ಕೇಳಿದ ಹಾಗೂ ಆಗಬಾರದು.

ರಟ್ಟೆ ಹಿಡಿದು ಎಳೆದು ಎಡಗಡೆಗೆ ನಿಲ್ಲಿಸಿದೆ.

"ಈಗ ಹೇಳು."

ಅವನು ಮತ್ತೆ ಬಲಗಡೆಗೆ ಸರಿಯಲು ನೋಡಿದ.

"ಹೇಳೋ!"

"ನಾನು ಹೇಳಿದ್ದೆ ಮೇಡಂ. ನಿಮಗಲ್ಲ, ಸಮರ್ಥ್ ಸರ್‌ಗೆ. ಹೊಸ ಹೆಡ್‌ಫೋನ್ ತಂದು ನಂಗೆ ಬೈದ್ರಲ್ಲ, ಅವತ್ತು ಸಂಜೆನೇ. ಮೇಡಂಗೆ ಬಲಗಿವಿ ಕೇಳಿಸ್ತಿಲ್ಲ ಸರ್, ಡಾಕ್ಟರ್ ಹತ್ರ ಕರ್ಕೊಂಡ್ ಹೋಗೋಣ ಅಂದೆ."

"ಏನಂದ?"

"ಡಾಕ್ಟರ್ ಹತ್ರ ಹೋದ್ರೆ ರೆಸ್ಟ್ ಅಂತಾರೆ, ಟ್ಯೂನ್ ಇನ್ನೂ ಮುಗಿದಿಲ್ಲ, ರಿಲೀಸ್ ಮುಂದಕ್ಕೆ ಹೋಗತ್ತೆ ಅಂದ್ರು. ಮುಗೀಲಿ, ಆಮೇಲೆ ನಾನೇ ಹೇಳ್ತೀನಿ. ಅಲ್ಲೀವರೆಗೂ ನೀನು ಇಳಿಸ್ಕೊಂಡು ಹೋಗ್ತಾ ಇರು ಅಂದ್ರು. ನಾನೂ ಹೂಂ ಅಂದೆ ಮೇಡಂ. ಕೆಲಸ ಹೋಗತ್ತೆ ಅಂತ ಹೆದರಿ ಹೂಂ ಅಂದೆ. ಆಮೇಲೆ ತಡ್ಕೊಳ್ಳೋಕಾಗ್ಲಿಲ್ಲ, ಅದಕ್ಕೇ ಅವತ್ತು ತಿರುಗಿಸಿ ಹಾಕಿದ್ದು."

ರೈಲು ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ನಾನು ನಿಂತೇ ಇದ್ದೆ. ಹೊಸ ಹೆಡ್‌ಫೋನ್ ತಂದದ್ದು ಕಿವಿ ಕಟ್ಟಿದ ಮರುವಾರ. ಡಾಕ್ಟರ್ ಹೇಳಿದ ಎರಡು ವಾರ ಆಗಿನ್ನೂ ಆಗಿರಲಿಲ್ಲ. ಕಾಫಿ ತಂದುಕೊಟ್ಟು, ಎಡಗಡೆ ಬಂದು ಕೂತು, ಟ್ಯೂನ್ ಮುಗಿಸಿಬಿಡು ಸಾಕು ಅಂದನಲ್ಲ, ಆಗ ನನ್ನ ಕಿವಿ ಇನ್ನೂ ಉಳಿಯಬಹುದಿತ್ತು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ, ಕಿವಿ ಹೋಗುತ್ತಿದೆ ಎಂಬುದು ಗೊತ್ತಿತ್ತು.

ಮಧ್ವೇಶ್ ಅಳುತ್ತಿದ್ದ. ಜನ ನೋಡುತ್ತಿದ್ದರು. ಅವನನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದೆ. ಡಾಕ್ಟರ್ ಹತ್ತಿರ ಹೋಗದೆ ಮನೆಗೆ ನಡೆದುಕೊಂಡು ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಉಪ್ಪಿಟ್ಟು ಮಾಡಿಕೊಟ್ಟವಳಿಗೆ ಹೇಗೆ ಹೇಳುವುದು?

ಜನವರಿ 13, ಮಂಗಳವಾರ

ಬೆಳಗ್ಗೆ ನೇರವಾಗಿ ಸಮರ್ಥನ ರೂಮಿಗೆ ಹೋದೆ. ಮೇಜಿನ ಮೇಲೆ ಎಳ್ಳುಬೆಲ್ಲದ ಪೊಟ್ಟಣಗಳು, ಎಲ್ಲರಿಗೂ ಹಂಚಲು ತಂದದ್ದು. ಮಧ್ವೇಶ್ ಎಲ್ಲ ಹೇಳಿದ ಅಂದೆ. ಅವನು ಇಲ್ಲ ಅನ್ನಲಿಲ್ಲ. ಎದ್ದು ಗಾಜಿನ ಬಾಗಿಲು ಮುಚ್ಚಿದ, ಮೇಜು ಸುತ್ತಿ ಬಂದು ನನ್ನ ಎಡಗಡೆ ಕುರ್ಚಿ ಎಳೆದುಕೊಂಡು ಕೂತ.

"ನೋಡು ರಾಗಿಣಿ, ನಾನು ಮಾಡಿದ್ದು ನಿನ್ನ ಒಳ್ಳೇದಕ್ಕೇ..."

ಅಲ್ಲಿಯವರೆಗೆ ಕೇಳಿಸಿಕೊಂಡೆ. ಆಮೇಲೆ ಮೇಜಿನ ಮೇಲೆ ಮೊಣಕೈ ಊರಿ, ಎಡಗೈಯನ್ನು ಎಡಗಿವಿಗೆ ಗಟ್ಟಿಯಾಗಿ ಒತ್ತಿ, ಅದರ ಮೇಲೆ ತಲೆ ಆನಿಸಿ ಅವನ ಮುಖವನ್ನೇ ನೋಡುತ್ತಾ ಕೂತೆ. ಅವನು ಮಾತಾಡಿದ. ಕೈ ಬೀಸಿದ. ಎದೆ ಮುಟ್ಟಿಕೊಂಡ. ನಡುವೆ ಒಮ್ಮೆ ಕಣ್ಣೊರೆಸಿಕೊಂಡ, ಮತ್ತೆ ಮಾತಾಡಿದ. ತುಂಬಾ ಹೊತ್ತು. ನನ್ನೊಳಗೆ ಬರೀ ಕುಂಯ್.

ತುಟಿ ನಿಂತ ಮೇಲೆ ಕೈ ತೆಗೆದೆ.

"ಸರೀನಾ?" ಅನ್ನುತ್ತಿದ್ದ.

ಎದ್ದು ಹೋಗಿ ಗಾಜಿನ ಬಾಗಿಲು ಪೂರ್ತಿ ತೆರೆದೆ. ಎಲ್ಲರನ್ನೂ ಕರೆದೆ. ಚಿತ್ರ ಬರೆಯುವ ಕಿಟ್ಟಿ ಬಂದ, ಲೆಕ್ಕ ಬರೆಯುವ ಮಾಲಾ ಬಂದಳು, ಹಿಂದೆ ಹಿಂದೆ ಉಳಿದವರು, ಎಲ್ಲರಿಗಿಂತ ಕೊನೆಗೆ ಮಧ್ವೇಶ್.

"ಸಮರ್ಥ, ನೀನು ಈಗ ಹೇಳಿದ್ರಲ್ಲಿ ಒಂದು ಪದಾನೂ ನಂಗೆ ಕೇಳಿಸ್ಲಿಲ್ಲ. ನನ್ನ ಕಿವಿ ವಿಷಯ ನಿಂಗೆ ಯಾವತ್ತು ಗೊತ್ತಾಯ್ತು, ಯಾಕೆ ಹೇಳ್ಲಿಲ್ಲ, ಅದೆಲ್ಲ ಇನ್ನೊಂದ್ಸಲ ಹೇಳು. ಇವರೂ ಕೇಳಿಸ್ಕೊಳ್ಲಿ."

ಸಮರ್ಥ ಅವರ ಮುಖ ನೋಡಿದ, ನನ್ನ ಮುಖ ನೋಡಿದ. ನೀರಿನ ಬಾಟಲಿ ಎತ್ತಿಕೊಂಡು ಮುಚ್ಚಳ ತಿರುಗಿಸಿದ, ಕುಡಿಯಲಿಲ್ಲ. ಎಲ್ಲರೂ ಕಾದರು. ಅವನು ಬಾಯಿ ಬಿಡಲೇ ಇಲ್ಲ. ಆ ಹೊತ್ತು ಅಲ್ಲಿದ್ದವರಿಗೆಲ್ಲ ನನಗೆ ಕೇಳಿಸಿದಷ್ಟೇ ಕೇಳಿಸಿತು.